ಬಲಕ್ಕೆ ಬಿದ್ದ ಹೂವು

ವೈನಿ, ನಿಮ್ಮ ಲೈಸೆನ್ಸು ಕಳೆದಿರಲಿಲ್ಲ. ಅದು ಡ್ರೈವಿಂಗ್ ಶಾಲೆಯ ಮಾಸ್ತರರ ಕೈಗೆ ಹೋಗಲೇ ಇಲ್ಲ. ನಮ್ಮ ದೇವರ ಕಪಾಟಿನಲ್ಲಿ, ದೇವಿಯ ಪೀಠಕ್ಕೆ ಹಾಸಿದ ಕೆಂಪು ವಸ್ತ್ರದ ಕೆಳಗೆ ನಾನೇ ಇಟ್ಟಿದ್ದೆ. ಗಡುವು ದಾಟುವವರೆಗೂ ಇಟ್ಟಿದ್ದೆ. — ಬರೆದೆ. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಇಷ್ಟೇ ಇತ್ತು.

ಭಾವ, ನಿಮ್ಮ ಯಜಮಾನರು, ತೀರಿಕೊಂಡ ವರ್ಷ ಅದು. ಸಾಂತಾಕ್ರೂಜಿನ ಈ ಬಿಲ್ಡಿಂಗಿನಲ್ಲಿ ಗಾಡಿ ಓಡಿಸುವ ಹೆಂಗಸು ನೀವೊಬ್ಬರೇ ಇದ್ದಿರಿ. ಭಾವ ಇಳಕಲ್ ಸೀರೆಯ ಗಂಟುಗಳನ್ನು ಫಿಯಾಟಿನಲ್ಲಿ ಹೇರಿಕೊಂಡು ಪರೇಲಿನ ಚಾಳುಗಳಿಗೆ, ಧಾರಾವಿಗೆ, ನಮ್ಮ ಕಡೆಯ ಮಂದಿ ಇದ್ದಲ್ಲೆಲ್ಲ ಹೋಗಿ ಮಾರುತ್ತಿದ್ದರು. ಬೆನ್ನುನೋವು ಹಿಡಿದಾಗ ನಿಮಗೆ ಓಡಿಸಲು ಕಲಿಸಿದರು. ಹಸಿರು ಬಳೆಯ ಆ ಕೈಗಳನ್ನು ಸ್ಟೀರಿಂಗ್ ಮೇಲೆ ಮೊದಲ ಸಲ ಕಂಡ ದಿನ ನಾನು ಗ್ಯಾಲರಿಯಲ್ಲಿ ಒಗೆದ ಬಟ್ಟೆ ಹಿಡಿದು ಹಾಗೇ ನಿಂತಿದ್ದೆ. ನೀರು ಕಾಲ ಮೇಲೆ ಸೋರುತ್ತಿದ್ದದ್ದೂ ತಿಳಿಯಲಿಲ್ಲ.

ಭಾವನ ವರ್ಷಾಂತಕದ ತಿಥಿ ಮುಗಿಯುವವರೆಗೆ ಹೊಸ್ತಿಲು ದಾಟಬಾರದೆಂದು ಅತ್ತೆ ನಿಮ್ಮನ್ನು ಮನೆಯಲ್ಲಿ ಕೂರಿಸಿದರು. ಅದರ ನಡುವೆಯೇ ಲೈಸೆನ್ಸಿನ ಅವಧಿ ಮುಗಿಯುವುದಿತ್ತು; ಗಡುವಿನೊಳಗೆ ನವೀಕರಿಸದಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಿತ್ತು. ಸ್ಟೇಷನ್ ಹತ್ತಿರ ಡ್ರೈವಿಂಗ್ ಶಾಲೆ ನಡೆಸುವ ಮರಾಠಿ ಮಾಸ್ತರರು ಇಂಥ ಕೆಲಸ ಮಾಡಿಸಿಕೊಡುತ್ತಿದ್ದರು. ನಾನು ದಿನಾ ಭಾಜಿ, ತರಕಾರಿ ತರಲು ಅದೇ ದಾರಿಯಲ್ಲಿ ಹೋಗುವವಳು. ನೀವು ಲೈಸೆನ್ಸನ್ನು ನನ್ನ ಕೈಲಿಟ್ಟು ಹೇಳಿದಿರಿ: “ತಂಗೀ, ಇದೊಂದು ಕೆಲಸ ಮಾಡವಾ. ವರ್ಷ ಮುಗದ ಮ್ಯಾಲೆ ಸೀರಿ ಗಂಟು ನಾನ ಒಯ್ಯಾಕಿ. ಯಾರ ಮುಂದೂ ಕೈ ಚಾಚಾಂಗಿಲ್ಲ.”

ನಾನು ದಿನವೂ ದೇವರ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವವಳು — ನಲ್ಲಿಗೆ ನೀರು ಬಂತು, ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು, ಮಗುವಿನ ಜ್ವರ ಇಳಿಯಿತು. ಆ ವರ್ಷ ಆ ಎಣಿಕೆಗೆ ಇನ್ನೊಂದು ಸೇರಿತ್ತು, ವೈನಿ. ಹೇಳಲು ನಾಚಿಕೆ — ನೀವು ಮನೆಯಲ್ಲಿದ್ದಿರಿ. ರೊಟ್ಟಿ ಬಡಿಯಲು ಇನ್ನೆರಡು ಕೈ ಇದ್ದವು. ಅತ್ತೆಯ ಬೈಗುಳ ಇಬ್ಬರು ಸೊಸೆಯರಿಗೆ ಹಂಚಿಹೋಗುತ್ತಿತ್ತು. ನಿಮ್ಮ ದುಃಖವನ್ನು ನಾನು ನನಗಾದ ಉಪಕಾರವೆಂದು ಎಣಿಸಿದೆ. ಅದು ವರ್ಷಕ್ಕೇ ಮುಗಿಯಬಾರದು ಅನ್ನಿಸಿತು.

ಹಾಗೆಂದು ನೇರ ಒಪ್ಪಿಕೊಳ್ಳುವ ಎದೆ ಇರಲಿಲ್ಲ. ದೇವಿಯನ್ನು ಕೇಳಿದೆ. ತೋಯಿಸಿದ ಸೇವಂತಿಗೆಯನ್ನು ಮೂರ್ತಿಯ ಎರಡೂ ಬದಿಗೆ ಅಂಟಿಸಿ ಪ್ರಸಾದ ಬೇಡಿದೆ — ಬಲದ್ದು ಬಿದ್ದರೆ ಒಯ್ದು ಕೊಡುತ್ತೇನೆ, ಎಡದ್ದು ಬಿದ್ದರೆ ಇಲ್ಲ. ಕೈ ಮುಗಿಯುವಷ್ಟರಲ್ಲಿ ಬಲದ ಹೂವು ಬಿತ್ತು. ಆ ತಾಯಿ ಅಷ್ಟು ಬೇಗ ನನಗೆ ಎಂದೂ ಉತ್ತರ ಕೊಟ್ಟವಳಲ್ಲ; ಮಗುವಿನ ಜ್ವರಕ್ಕೆ ಕೇಳಿದಾಗಲೂ ಕಾಯಿಸಿದ್ದಳು. ಆದರೂ ಮತ್ತೆ ಕೇಳಿದೆ. ಮತ್ತೆ ಬಲ. ಮೂರನೆಯ ಸಲ ಎಡದ ಹೂವಿಗೆ ನೀರು ಕಡಿಮೆ ಸವರಿದೆ, ಬೇಗ ಕಳಚಲೆಂದು. ಕಳಚಿತು. ದೇವಿಯ ಇಚ್ಛೆ ಎಂದು ಗಲ್ಲ ಬಡಿದುಕೊಂಡೆ. ದೇವರಿಗೇ ಮೋಸ ಮಾಡಿದವಳು ನಿಮ್ಮನ್ನು ಬಿಟ್ಟೇನೇ? ಮಾಸ್ತರರಿಗೆ ಕೊಟ್ಟೆ ಎಂದೆ. ಗಡುವು ದಾಟಿದ ಮೇಲೆ, ಅವರು ಎಲ್ಲೋ ಕಳೆದರಂತೆ ಎಂದೆ.

ವರ್ಷಾಂತಕ ಮುಗಿಯಿತು. ಲೈಸೆನ್ಸೇ ಇಲ್ಲದವಳಿಗೆ ಗಾಡಿ ಯಾಕೆ ಎಂದು ಅತ್ತೆ ಗಿರಾಕಿಯನ್ನೂ ಕರೆಸಿದರು. ಇನ್ನೊಮ್ಮೆ ಪರೀಕ್ಷೆ ಕೊಡುತ್ತೇನೆ, ಆಗದಿದ್ದರೆ ಮಾರಿಬಿಡಿ ಎಂದು ನೀವು ಕೇಳಿಕೊಂಡಿರಿ. ಒಬ್ಬಳೇ ಹೋಗಬಾರದೆಂದು ಅತ್ತೆ ನನ್ನನ್ನು ಜೊತೆಗೆ ಅಟ್ಟಿದರು — ಅದೇ ಮಾಸ್ತರರ ಬಳಿಗೆ.

ನೀವು ಜಗಳ ತೆಗೆಯಲಿಲ್ಲ. ಕಳೆದದ್ದು ಹೋಗಲಿ, ಹೊಸದು ಮಾಡಿಸಿಕೊಡಿ ಎಂದಿರಿ. ಏನು ಕಳೆದದ್ದು, ನನಗೆ ನೀವು ಏನೂ ಕಳಿಸಲೇ ಇಲ್ಲವಲ್ಲ, ಬಾಯಿಯವರೇ ಎಂದು ಅವರು ಬೆರಗಾದರು. ನೀವು ಒಮ್ಮೆ ನನ್ನ ಕಡೆ ನೋಡಿದಿರಿ. ಒಮ್ಮೆ ಮಾತ್ರ. ನಾನು ಭಾಜಿ ಚೀಲದ ಹಿಡಿಕೆ ನೋಡುತ್ತ ನಿಂತಿದ್ದೆ. ಆಮೇಲೆ ಅವರ ಮರಾಠಿಯಲ್ಲೇ ನಿಧಾನ ಹೇಳಿದಿರಿ: “ಚೂಕ್ ಮಾಝೀಚ್, ಮಾಸ್ತರ್.” ತಪ್ಪು ನನ್ನದೇ.

ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ನೀವು ಬೈಯಲಿಲ್ಲ —

ಪರೀಕ್ಷೆಯ ದಿನವೂ ನಾನು ಹಿಂದಿನ ಸೀಟಿನಲ್ಲಿ ಬಂದೆ, ಮಾಸ್ತರರು ನಿಮ್ಮ ಪಕ್ಕದಲ್ಲಿ. ಮೈದಾನದಲ್ಲಿ ನಾನಿಳಿದು ದೂರ ನಿಂತೆ. ಸಾಲು ನಿಂತ ಗಂಡಸರು ಬಿಳಿ ಸೀರೆ ಕಂಡು ನಕ್ಕರು. ಇವತ್ತು ಕಂಬಗಳಿಗೆ ವಿಮೆ ಮಾಡಿಸಬೇಕು ಎಂದೊಬ್ಬ ಹಿಂದಿಯಲ್ಲಿ ಅಂದ. ನೀವು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎರಡು ಕಂಬಗಳ ನಡುವೆ ಆ ಫಿಯಾಟನ್ನು ಹಿಮ್ಮುಖವಾಗಿ ತಂದಿರಿ — ತೊಟ್ಟಿಲಲ್ಲಿ ಮಗು ಮಲಗಿಸುವ ಹಾಗೆ. ಬಳೆಯಿಲ್ಲದ ಕೈ ಒಂದಿಷ್ಟೂ ನಡುಗಲಿಲ್ಲ. ಮೋಸ ಮಾಡಿದವಳು ದೂರದಲ್ಲಿ ನಿಂತು ನೋಡುತ್ತಿದ್ದಾಳೆಂದು ಗೊತ್ತಿದ್ದೂ ನಡುಗಲಿಲ್ಲ. ನಗು ನಿಂತಿತು. ನನಗರಿವಿಲ್ಲದೆ ನಾನು ಚಪ್ಪಲಿ ಬಿಟ್ಟು ಬಿಸಿ ಮಣ್ಣಿನ ಮೇಲೆ ನಿಂತಿದ್ದೆ. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೂ ನನಗೆ ಹಾಗಾದದ್ದಿಲ್ಲ.

ಪಾಸಾದಿರಿ. ಗಾಡಿ ಉಳಿಯಿತು. ಸೀರೆಯ ಗಂಟು ಹೊತ್ತು ಹೋಗುತ್ತಲೇ ಇದ್ದೀರಿ. ಆ ಲೈಸೆನ್ಸಿನ ಮಾತನ್ನು ನೀವು ಮತ್ತೆ ಎತ್ತಲಿಲ್ಲ; ನನ್ನನ್ನು ತಂಗಿ ಅನ್ನುವುದನ್ನೂ ಬಿಡಲಿಲ್ಲ. ಅಷ್ಟು ದೊಡ್ಡದನ್ನು ಎದೆಯೊಳಗೆ ಇಟ್ಟುಕೊಂಡು ಒಬ್ಬರು ಹೇಗೆ ಉಣ್ಣುತ್ತಾರೆ, ನಗುತ್ತಾರೆ, ನನ್ನ ಮಗನ ಜಡ್ಡಿಗೆ ರಾತ್ರಿಯೆಲ್ಲ ಕೂರುತ್ತಾರೆ — ನನಗಿನ್ನೂ ತಿಳಿದಿಲ್ಲ.

ಆದರೆ ನೀವು ನನ್ನ ತಪ್ಪನ್ನು ಮುಚ್ಚಿಟ್ಟಿರಿ, ಮಾಸ್ತರರು ಬಯಲಲ್ಲೇ ಉಳಿದರು. ಅವರಿಗೆ ಕೊಟ್ಟ ಕಾಗದ ಗಟಾರಕ್ಕೆ ಹಾಕಿದಂತೆ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತ ಬಂದಿದ್ದಾರೆ. ನಮ್ಮ ಬಿಲ್ಡಿಂಗಿನಿಂದ ಯಾರೂ ಅವರಲ್ಲಿಗೆ ಹೋಗುವುದಿಲ್ಲ. ನಿನ್ನೆ ಕೆಳಗಿನ ಮನೆಯ ಹುಡುಗಿ ಗಾಡಿ ಕಲಿಯಲು ಎಲ್ಲಿ ಸೇರಲಿ ಎಂದು ಕೇಳಲು ಬಂದಿದ್ದಳು. ಅತ್ತೆ ಅದೇ ಮಾತು ಅಂದರು. ನಾನು ಚಹಾ ಸೋಸುತ್ತಿದ್ದೆ. ಸುಮ್ಮನೆ ಸೋಸಿದೆ.

ಇವತ್ತು ಸುಮ್ಮನಿರುವುದಿಲ್ಲ, ವೈನಿ. ಅತ್ತೆಯ ಜಪ ಮುಗಿಯಲಿ, ಅವರೆದುರೇ ಹೇಳುತ್ತೇನೆ. ಆಮೇಲೆ ಆ ಹುಡುಗಿಯನ್ನು ಕರೆದುಕೊಂಡು ಮಾಸ್ತರರ ಬಾಗಿಲಿಗೆ ಹೋಗುತ್ತೇನೆ; ಅವರಿಗೂ ಹೇಳಬೇಕು. ಈ ಸಲ ನನ್ನ ಪರವಾಗಿ ನೀವು ಒಂದು ಮಾತೂ ಆಡಬೇಡಿ.