ಗಿಡ್ಡ ಕಾಲಿಗೊಂದು ದೋಣಿ

ಕೊಪ್ಪದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಮಳೆಗಾಲದಲ್ಲಿ ಎನ್.ಆರ್.ಪುರದ ಕಡೆ ಭದ್ರಾ ನದಿಯಲ್ಲಿ ಪ್ರವಾಸಿಗರನ್ನು ರಾಫ್ಟಿಂಗ್‌ಗೆ ಕರೆದೊಯ್ಯುವ ಒಬ್ಬರು, ಒಂದು ದಿನ ಗಾಳಿ ತುಂಬುವ ಹರಿದ ದೋಣಿಯೊಂದನ್ನು ತಂದು ಅಂಗಡಿಯ ಮುಂದೆ ಹರವಿ, ಹೊಲಿದು ಕೊಡಿ ಎಂದರು. ಸೂಜಿ ಚುಚ್ಚಿದ ಕಡೆಯೆಲ್ಲ ಗಾಳಿ ಹೋಗುವುದಿಲ್ಲವೇ ಎಂದು ಕೇಳಿದೆ. "ಓ, ಅದೂ ಹೌದಲ್ಲ ಮಾರಾಯ್ರೆ" ಎಂದು ತಲೆ ಕೆರೆದುಕೊಂಡರು. ನಮ್ಮ ವ್ಯವಹಾರ ಶುರುವಾದದ್ದು ಹೀಗೆ.

ಆಮೇಲೆ ಅವರೇ ಅಂಟು ಹಚ್ಚುವುದನ್ನು ಹೇಳಿಕೊಟ್ಟರು. ಎರಡು ಸಲ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ತೇಪೆ ಒತ್ತಬೇಕು. ನನ್ನ ಮೊದಲ ತೇಪೆ ಮಾರನೇ ದಿನವೇ ಎದ್ದು ಬಂತು. ನಾನು ಬೆಳಿಗ್ಗೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಿನಲ್ಲಿ ಉಳಿದಿತ್ತು. ಅಂದಿನಿಂದ ಅಂಟಿನ ಕೆಲಸವಿದ್ದ ದಿನ ತಲೆಗೆ ಎಣ್ಣೆ ಇಲ್ಲ. ಒಣಕೂದಲು ನೋಡಿದವರು ಹುಷಾರಿಲ್ಲವೇ ಎಂದು ಕೇಳುತ್ತಾರೆ.

ಎರಡು ವರ್ಷದಲ್ಲಿ ನನಗೆ ತೇಪೆ ಸಾಕಾಯಿತು. ರಬ್ಬರ್ ಬಟ್ಟೆ ಕತ್ತರಿಸಿ ಇಡೀ ದೋಣಿಯನ್ನೇ ಮಾಡಬೇಕು ಎಂಬ ಆಸೆ ಹತ್ತಿತು. ಕೇಳಿಯೇಬಿಟ್ಟೆ. ಗಾಳಿ ತುಂಬುವ ಮುಂದಿನ ಕೊಳವೆಯಲ್ಲಿ ಮೊಳದುದ್ದ ಹರಿದಿದ್ದ ದೋಣಿಯೊಂದನ್ನು ಕೊಟ್ಟು, ಇದರ ತೇಪೆ ನಿಂತರೆ ಹೊಸ ದೋಣಿ ಮಾಡುವ ಕೆಲಸ ನಿಮ್ಮದೇ ಎಂದರು. ಆದರೆ ಅವರದೊಂದು ನಿಯಮವಿತ್ತು: ಅಂಟಿಸಿದವರೇ ಮೊದಲು ಹತ್ತಬೇಕು. ಸಣ್ಣಪುಟ್ಟ ತೇಪೆಗಳಿಗೆ ದಡದ ಹತ್ತಿರ ಒಂದು ಸುತ್ತು ಹಾಕಿ ಇಳಿದುಬಿಡುತ್ತಿದ್ದೆ. ಇದಕ್ಕೆ ನೀರು ಧುಮುಕುವ ಸೆಳವಿನಲ್ಲೇ ಹೋಗಬೇಕಿತ್ತು. ನನಗೆ ಈಜು ಬರುವುದಿಲ್ಲ.

ತೇಪೆ ಅಲುಗಾಡಲಿಲ್ಲ. ಬಿದ್ದದ್ದು ನಾನು. ಎರಡನೇ ಸೆಳವಿನಲ್ಲಿ ದೋಣಿ ಎಗರಿತು, ನಾನು ನೀರಿನಲ್ಲಿದ್ದೆ. ತೊಟ್ಟಿದ್ದ ಲೈಫ್ ಜಾಕೆಟ್ ಮೇಲಕ್ಕೆತ್ತಿದರೂ ಮೂಗುಬಾಯಿಗೆಲ್ಲ ನೀರು ನುಗ್ಗಿ, ಸತ್ತೇ ಹೋದೆ ಅಂದುಕೊಂಡೆ. ಹಿಂದೆ ಹುಟ್ಟು ಹಾಕುತ್ತಿದ್ದ ಅವರು ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ದೋಣಿಯೊಳಕ್ಕೆ ಎಳೆದು ಹಾಕಿದರು.

"ಹೆದ್ರಿಕೇಲಿ ಬಿದ್ದದ್ದು ನೀವು, ಅಕ್ಕಾ" ಎಂದರು ದಡದಲ್ಲಿ. "ನೀರು ಕಂಡ್ರೆ ಹೆದರೋರಿಗೆ ದೋಣಿ ಮಾಡಕ್ಕೆ ಹೆಂಗೆ ಕೊಡೋದು ಹೇಳಿ?"

ನಡುಗುತ್ತಿದ್ದರೂ ನನಗೆ ಮೈಯೆಲ್ಲ ಉರಿಯಿತು. ಹೆದರಿದ್ದು ನಿಜ. ಬಿದ್ದದ್ದು ಅದಕ್ಕಲ್ಲ. ದೋಣಿಯ ಅಂಚಿನ ಮೇಲೆ ಕೂತವರು ಕಾಲು ಸಿಕ್ಕಿಸಿಕೊಳ್ಳಲು ತಳದಲ್ಲಿ ಚಪ್ಪಲಿಯ ಮೂತಿಯಂಥ ರಬ್ಬರಿನ ಜೇಬು ಇರುತ್ತದೆ. ಅದನ್ನು ಎಲ್ಲಿ ಅಂಟಿಸಬೇಕೆಂದು ಗೊತ್ತುಮಾಡಿದವರು ಉದ್ದ ಕಾಲಿನ ಗಂಡಸರು. ಐದಡಿಯೂ ಇಲ್ಲದ ನನಗೆ ಬರೀ ಹೆಬ್ಬೆರಳು ತಗಲುತ್ತಿತ್ತು. ಇದನ್ನು ಹೇಳಿದರೆ ಅವರು ನಕ್ಕರು.

ದೋಣಿಯನ್ನು ಮತ್ತೆ ಅಂಗಡಿಗೆ ತರಿಸಿದೆ. ಮುಂದಿನ ಎರಡು ಜಾಗದಲ್ಲೂ ಆ ಜೇಬುಗಳನ್ನು ಬಿಡಿಸಿ, ನನ್ನ ಕಾಲಿನ ಅಳತೆಗೆ ಅಂಚಿಗೆ ಒಂದು ಗೇಣು ಹತ್ತಿರ ಅಂಟಿಸಿದೆ. ಮುಂದಿನ ಭಾನುವಾರ, ಹುಟ್ಟು ಹಾಕಲು ಅವರ ಕೆಲಸದವರೊಬ್ಬರು ಹಿಂದೆ ಕೂತರು.

"ಇವತ್ತು ನೀವು ಮುಂದೆ ಕೂತ್ಕಳಿ, ನನ್ನ ಎದುರಿನ ಅಂಚಿಗೆ" ಎಂದು ದೋಣಿಯ ಮಾಲೀಕರಿಗೆ ಹೇಳಿದೆ.

ಕೂತರು. ಜೇಬಿಗೆ ಪಾದ ಹಾಕಿದರೆ ಮೊಣಕಾಲು ಎದೆಯವರೆಗೆ ಬಂತು. "ಎಂತ ಮಾರಾಯ್ರೆ ಇದು, ಕಾಲು ಎಲ್ಲಿಡೋದು?" ಎಂದು ಗೊಣಗಿ, ಕೊನೆಗೆ ಕಾಲು ಹೊರಗೆ ತೆಗೆದು ಹಾಗೇ ಕೂತರು. ನಾನು ಪಾದವನ್ನು ಪೂರ್ತಿ ಒಳಗೆ ತುರುಕಿದೆ. ಹೆದರಿಕೆ ಇದ್ದೇ ಇತ್ತು. ಅದೇ ಸೆಳವು ಬಂತು, ದೋಣಿ ಎಗರಿತು, ಕಣ್ಣು ಮುಚ್ಚಿಕೊಂಡೆ. ತೆರೆದಾಗ ನಾನು ದೋಣಿಯಲ್ಲಿದ್ದೆ. ಎದುರಿನ ಜಾಗ ಖಾಲಿ.

ಅವರು ದೋಣಿಯಡಿಯಿಂದ ತೂರಿ ನನ್ನ ಪಕ್ಕದಲ್ಲೇ ನೀರಿನಿಂದ ತಲೆ ಎತ್ತಿದರು. ಅವರ ಜಾಕೆಟ್ಟಿನ ಭುಜದ ಪಟ್ಟಿ ಎರಡನ್ನೂ ಹಿಡಿದು, ಕಾಲನ್ನು ಒತ್ತಿ, ಇಡೀ ಮೈಭಾರ ಹಿಂದಕ್ಕೆ ಹಾಕಿದೆ. ಅಷ್ಟು ದೊಡ್ಡ ಆಳು ನನ್ನ ಮೇಲೆಯೇ ಬಂದು ಬಿದ್ದರು. ಹಿಂದಿದ್ದವರು ನಗು ತಡೆಯಲು ಕೆಮ್ಮುತ್ತಿದ್ದರು.

ಅವರು ಬಹಳ ಹೊತ್ತು ನೀರು ಕಕ್ಕಿ, ಮುಖ ಒರೆಸಿಕೊಂಡು, ತಳದ ಜೇಬಿನಲ್ಲಿದ್ದ ನನ್ನ ಕಾಲನ್ನೇ ನೋಡುತ್ತ ಕೂತರು.

"ಹೊಸ ದೋಣಿಗೆ ಎರಡೂ ಅಳತೆದು ಜೇಬು ಹಾಕಿ, ಅಕ್ಕಾ" ಎಂದರು.