ಬ್ರೇಕ್ ಮೇಡಂ ತೋಳಿನ ಬಿಲ್ಲೆ

ಕಾರು ಕಲಿಯಲು ಬರುವವರು ಅವಳನ್ನು ಬ್ರೇಕ್ ಮೇಡಂ ಎಂದು ಕರೆಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಅವಳ ಕಾಲಡಿ ಇನ್ನೊಂದು ಬ್ರೇಕ್ ಇದ್ದುದರಿಂದ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಿದ್ದರು. ಹಳಬರಿಗೆ ನಿಜ ಗೊತ್ತಿತ್ತು. ಅವಳು ಬಾಯಲ್ಲೇ ಕಾರು ನಿಲ್ಲಿಸುವವಳು. "ನಿಲ್ಸಿ!" ಎಂದು ಒಂದು ಸಲ ಕೂಗಿದರೆ ಎದುರಿನ ಬಸ್ಸಿನವನೂ ಬೆಚ್ಚಿ ಬ್ರೇಕ್ ಒತ್ತಬೇಕು, ಅಂಥ ಗಂಟಲು.

ಹತ್ತೊಂಬತ್ತು ತುಂಬುವ ಮೊದಲೇ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಸೂಜಿ, ಸಕ್ಕರೆ ನೋಡಲು ಆಗಾಗ ಬೆರಳಿಗೆ ಸೂಜಿ. "ಇನ್ನು ಮನೇಲೇ ಜೋಪಾನವಾಗಿರು ತಾಯಿ" ಎಂದು ನೆಂಟರಿಷ್ಟರು ಕಣ್ಣೊರೆಸಿಕೊಂಡರು. ಆ ವಾರವೇ ಅವಳು ಅಣ್ಣನ ಡ್ರೈವಿಂಗ್ ಶಾಲೆಗೆ ಹೋಗಿ ಸ್ಟಿಯರಿಂಗ್ ಹಿಡಿದಳು. ಬೇಡ ಎಂದದ್ದನ್ನು ಮಾಡಿ ತೋರಿಸುವುದು ಅವಳ ಹುಟ್ಟುಗುಣ. ಇಪ್ಪತ್ತೈದು ವರ್ಷಗಳಲ್ಲಿ ಅರ್ಧ ಊರಿಗೆ ಕಾರು ಕಲಿಸಿದ್ದಳು.

ಸಕ್ಕರೆ ಅಳೆಯುವ ಸೆನ್ಸರ್ ಬಂದದ್ದು ಇತ್ತೀಚೆಗೆ. ಕೋಟಿನ ದೊಡ್ಡ ಗುಂಡಿಯಷ್ಟಗಲದ ಬಿಳಿ ಬಿಲ್ಲೆ, ಅದರಡಿ ಚರ್ಮದೊಳಗೆ ಕೂದಲಿನಂಥ ಎಳೆ. ತೋಳಿಗೆ ಅಂಟಿಸಿಕೊಂಡರೆ ಸಾಕು, ಸಕ್ಕರೆ ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಫೋನಿನಲ್ಲಿ ಅಂಕಿ, ಬಾಣದ ಗುರುತು ಕಾಣುತ್ತದೆ; ತೀರ ಇಳಿದು ಎಪ್ಪತ್ತರ ಕೆಳಗೆ ಹೋದರೆ ಫೋನು ಕೂಗುತ್ತದೆ. ಬೆರಳಿನ ತುದಿಗಳಿಗೆ ಎಷ್ಟೋ ವರ್ಷದ ಮೇಲೆ ಬಿಡುವು ಸಿಕ್ಕಿತು.

"ತುಂಬುತೋಳಿನ ರವಿಕೆ ಹಾಕ್ಕೊಳ್ಳೆ, ಜನ ಏನೇನೋ ಕೇಳ್ತಾರೆ" ಎಂದಳು ಅತ್ತಿಗೆ.

"ಕೇಳ್ಲಿ ಅತ್ತಿಗೆ. ಕನ್ನಡಕ ಹಾಕ್ಕೊಂಡೋರಿಗೆ ಮುಖ ಮುಚ್ಕೊಳ್ಳಿ ಅಂತ ಹೇಳ್ತೀರಾ?"

ಅಣ್ಣನದು ಬೇರೆಯೇ ಕಾಟ. ತಂಗಿಯ ಮೇಲೆ ಪ್ರಾಣ ಇಟ್ಟುಕೊಂಡ ಮನುಷ್ಯ. ಅವಳ ಅಂಕಿ ತನ್ನ ಫೋನಿಗೂ ಬರುವಂತೆ ಹಠ ಹಿಡಿದು ಮಾಡಿಸಿಕೊಂಡ. ಅಂದಿನಿಂದ ಶುರು. "ಏನು ತಿಂದೆ? ಮೇಲೆ ಹೋಗ್ತಿದೆಯಲ್ಲ!" "ಬಾಣ ಕೆಳಗೆ ತೋರಿಸ್ತಿದೆ, ಎಲ್ಲಿದೀಯ?" ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿದ ಹಾಗಾಯಿತು. ಅವಳು ಹಲ್ಲು ಕಚ್ಚಿ ಸಹಿಸಿದಳು.

ಹೀಗಿರುವಾಗ ಟೀಚರಮ್ಮ ಕಾರು ಕಲಿಯಲು ಬಂದರು. ಶಾಲೆಯಿಂದ ನಿವೃತ್ತರಾದ ಮೇಲೆ, ತೀರಿಕೊಂಡ ಗಂಡ ಬಿಟ್ಟುಹೋದ ಕಾರು ಶೆಡ್ಡಿನಲ್ಲಿ ತುಕ್ಕು ಹಿಡಿಯುವುದನ್ನು ನೋಡಲಾರದೆ ಬಂದವರು. ಗೇರು ಬದಲಿಸುವಾಗ ಮಕ್ಕಳನ್ನು ಗದರಿಸುವ ಹಾಗೆ ಕಾರನ್ನೂ ಗದರಿಸುತ್ತಿದ್ದರು.

ಒಂದು ಮಧ್ಯಾಹ್ನ ಮಾರುಕಟ್ಟೆ ರಸ್ತೆಯಲ್ಲಿ ಫೋನು ಕಿರುಚಿತು. ಟೀಚರಮ್ಮ ಗಾಬರಿಯಾಗಿ ನಡುರಸ್ತೆಯಲ್ಲೇ ಕಾರು ನಿಲ್ಲಿಸಿಬಿಟ್ಟರು. ಹಿಂದಿನಿಂದ ಹಾರನ್ನುಗಳ ಸುರಿಮಳೆ. ಫೋನಿನಲ್ಲಿ ಐವತ್ತೆಂಟು, ಆದರೆ ಮೇಡಮ್ಮಿಗೆ ನಡುಕವಿಲ್ಲ, ಬೆವರಿಲ್ಲ. ಕಾರನ್ನು ಪಕ್ಕಕ್ಕೆ ಹಾಕಿಸಿ ಬೆರಳು ಚುಚ್ಚಿ ನೋಡಿದಳು: ನೂರಹದಿನೆಂಟು. ನಗುತ್ತ ತಲೆಯೆತ್ತಿದರೆ, ಅಣ್ಣ ಸ್ಕೂಟರಿನಲ್ಲಿ ಎದ್ದೆನೋ ಬಿದ್ದೆನೋ ಎಂದು ಬರುತ್ತಿದ್ದ.

"ಇಳಿ ಕೆಳಗೆ."

"ಅಣ್ಣ, ನನಗೇನೂ ಆಗಿಲ್ಲ. ಇಲ್ನೋಡು, ರಕ್ತದಲ್ಲಿ ಸರಿಯಾಗಿದೆ."

"ಈ ವಾರದಲ್ಲಿ ಇದು ಮೂರನೇ ಸಲ. ಇವತ್ತು ಇವರು ಯಾರಿಗಾದ್ರೂ ಗುದ್ದಿದ್ದಿದ್ರೆ? ನಾಳೆಯಿಂದ ನೀನು ಆಫೀಸಿನ ಟೇಬಲ್ ನೋಡ್ಕೋ."

ನಡುಬೀದಿಯಲ್ಲಿ, ಕಲಿಯುವವರ ಎದುರಿಗೆ ಕೀಲಿ ಕಿತ್ತುಕೊಂಡ. ಅವಳ ಮುಖ ಕೆಂಡವಾಯಿತು.  ಕಾರಿನಿಂದ ಇಳಿದು ಬಾಗಿಲನ್ನು ದಬ್ಬೆಂದು ಹಾಕಿದಳು.

ಮರುದಿನ ಕ್ಲಿನಿಕ್ಕಿನ ನರ್ಸಿಗೆ ಫೋನು ಮಾಡಿದಳು. ನರ್ಸು ಎಲ್ಲ ಕೇಳಿ, "ತೋಳಿನ ಮೇಲೆ ಏನಾದ್ರೂ ಒತ್ತತ್ತಾ? ಆ ಕಡೆ ಮಗ್ಗುಲಾಗಿ ಮಲಗಿದ್ರೂ ಸುಳ್ಳುಸುಳ್ಳೇ ಕಡಿಮೆ ತೋರಿಸತ್ತೆ" ಎಂದಳು. ಮೇಡಂ ಅಂಗಳದಲ್ಲಿ ನಿಂತಿದ್ದ ಕಾರಿನಲ್ಲಿ ತನ್ನ ಸೀಟಿಗೆ ಹೋಗಿ ಕುಳಿತಳು. ಅಭ್ಯಾಸಬಲದಿಂದ ತೋಳು ತಾನಾಗಿ ಬಾಗಿಲಿಗೆ ಒರಗಿತು, ಬಿಲ್ಲೆ ಸರಿಯಾಗಿ ಅಲ್ಲೇ ಒತ್ತಿತು. ಹಾಗೇ ಕುಳಿತು ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಅಂಕಿ ಜಾರತೊಡಗಿತು. ಬೆರಳು ಚುಚ್ಚಿ ನೋಡಿದ ಅಂಕಿ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಎರಡು ವಾರಕ್ಕೊಮ್ಮೆ ಬದಲಿಸುವ ಬಿಲ್ಲೆಯನ್ನು ಈ ಸಲ ಆಚೆಯ ತೋಳಿಗೆ ಹಾಕಿಕೊಂಡು ಅಣ್ಣನ ಮುಂದೆ ನಿಂತಳು.

ಅಣ್ಣ ಒಪ್ಪಲಿಲ್ಲ. "ಅದು ಸುಳ್ಳೂ ಹೇಳತ್ತೆ ಅಂದ್ಮೇಲೆ ನನಗೆ ಇನ್ನೂ ಭಯ. ನಿಜವಾಗ್ಲೂ ಇಳಿದಾಗ ಚೆನ್ನಾಗಿದೆ ಅಂತ ತೋರಿಸಿದ್ರೆ?"

ಆ ಮಾತಿನಲ್ಲಿ ಹುರುಳಿತ್ತು. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂತು. ಬೇರೆ ಯಾರೂ ಬೇಡ, ಬ್ರೇಕ್ ಮೇಡಮ್ಮೇ ಬೇಕು ಎಂದು ಟೀಚರಮ್ಮ ಹಠ ಹಿಡಿದು ಮನೆಯಲ್ಲೇ ಕುಳಿತರು. ಅವಳು ಟೇಬಲ್ಲಿನ ಹಿಂದೆ ಕುಳಿತು, ಬಾಗಿಲಾಚೆ ಗೇರು ಕಿರುಗುಟ್ಟಿದಾಗಲೆಲ್ಲ ನೆಲವನ್ನೇ ಕ್ಲಚ್ ಎಂದು ಒತ್ತುತ್ತಿದ್ದಳು.

ಕೊನೆಗೆ ಅಣ್ಣನೇ ಬರಬೇಕಾಯಿತು. ಕಾರು ಕಲಿಸುವ ಇನ್ನೊಬ್ಬ ಮೇಷ್ಟ್ರು ಜ್ವರ ಬಂದು ಮಲಗಿದ್ದರು, ಟೀಚರಮ್ಮನ ಲೈಸೆನ್ಸ್ ಪರೀಕ್ಷೆ ಹತ್ತಿರ ಬಂದಿತ್ತು. ಅವನು ಮುಖ ನೋಡದೆ ಕೀಲಿ ಟೇಬಲ್ಲಿನ ಮೇಲಿಟ್ಟ. "ಇವತ್ತೊಂದು ದಿನ ಹೋಗ್ಬಾ."

ಇದಕ್ಕಾಗಿಯೇ ಅವಳು ಕಾದಿದ್ದಳು. ಆದರೆ ಬೆಳಗಿನಿಂದ ಗಿರಾಕಿಗಳ ಗಲಾಟೆ; ಇನ್ಸುಲಿನ್ ಚುಚ್ಚಿಕೊಂಡು ಎರಡೇ ತುತ್ತು ತಿಂದು ಎದ್ದಿದ್ದಳು. ಕೀಲಿಗೆ ಕೈ ಚಾಚಿದಾಗ ತುಟಿ ಜುಮ್ಮೆನ್ನುತ್ತಿತ್ತು. ಫೋನಿನಲ್ಲಿ ಎಂಬತ್ತನಾಲ್ಕು, ಬಾಣ ನೇರ ಕೆಳಗೆ. ಬೆರಳು ಚುಚ್ಚಿದಳು: ಅರವತ್ತೊಂದು. ರಕ್ತ ಮುಂದೆ ಓಡುತ್ತಿತ್ತು, ಬಿಲ್ಲೆ ಹಿಂದಿನಿಂದ ಬರುತ್ತಿತ್ತು. ಅಣ್ಣ ಹೆದರಿದ್ದು ಇದಕ್ಕೇ.

ಅವನ ಫೋನು ಸುಮ್ಮನಿತ್ತು. ಅವಳು ಬಾಯಿ ಬಿಡದೆ ಎದ್ದು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ಅವಳಿಗೆ ಹಾಗೆಯೇ ಮಾಡಿಬಿಡೋಣ ಅನ್ನಿಸಿತು.

ಕೀಲಿಯನ್ನು ಅಣ್ಣನ ಕಡೆ ತಳ್ಳಿದಳು. "ಈಗ ಆಗಲ್ಲ. ಸಕ್ಕರೆ ಇಳೀತಿದೆ."

ಅವನು ಫೋನು ನೋಡಿದ. "ಎಂಬತ್ತರ ಮೇಲಿದೆಯಲ್ಲೇ?"

"ಫೋನ್ ಬಿಡು, ನನ್ನ ಮುಖ ನೋಡು. ಇದು ಹಿಂದೆ ಬಿದ್ದಿದೆ." ಜ್ಯೂಸಿನ ಪೊಟ್ಟಣಕ್ಕೆ ಹಲ್ಲು ಹಾಕಿ ಹರಿದು ಕುಡಿದಳು. ಅವಳ ಕೈ ನಡುಗುವುದನ್ನು ಅವನು ನೋಡುತ್ತ ನಿಂತ, ನೀರು ತಂದುಕೊಟ್ಟ, ಮತ್ತೇನು ಮಾಡಬೇಕೋ ತಿಳಿಯದೆ ಫ್ಯಾನು ಜೋರು ಮಾಡಿದ.

ನಡುಕ ನಿಂತಿತು. ಮತ್ತೆ ಚುಚ್ಚಿ ನೋಡಿ, ಬಿಸ್ಕತ್ತು ತಿಂದು, ಇನ್ನಷ್ಟು ಹೊತ್ತು ಕಾದು ಅಂಕಿ ನೂರು ದಾಟಿ ನಿಂತ ಮೇಲೆ ಅವಳು ಎದ್ದಳು.

"ಅಣ್ಣ, ಆಗಲ್ಲ ಅಂತ ಹೇಳಿದ್ದು ಯಾರು?"

"ನೀನೇ."

"ಆಗಲ್ಲ ಅನ್ನೋಕೆ ನನ್ನ ಮಾತು ನಡಿಯತ್ತೆ ಅಂದ್ರೆ, ಆಗತ್ತೆ ಅನ್ನೋಕೂ ನಡೀಬೇಕು. ಪ್ರತಿ ಪಾಠಕ್ಕೆ ಮುಂಚೆ ಚುಚ್ಚಿ ನೋಡ್ತೀನಿ. ಫೋನ್ ಕೂಗಿದ್ರೆ, ನಿಜವೋ ಸುಳ್ಳೋ ಆಮೇಲೆ, ಮೊದಲು ಗಾಡಿ ಪಕ್ಕಕ್ಕೆ. ಇದು ನನ್ನ ಕಟ್ಟುಪಾಡು. ನಿಂಗೆ ಒಪ್ಪಿಗೆ ಇಲ್ಲ ಅಂದ್ರೆ ಹೇಳು, ಟೀಚರಮ್ಮನ ಕಾರಲ್ಲೇ ಸ್ವಂತ ಶಾಲೆ ಶುರು ಮಾಡ್ತೀನಿ."

"ಆ ತುಕ್ಕು ಡಬ್ಬಿಯಲ್ಲಾ?" ಅಣ್ಣನಿಗೆ ನಗು ತಡೆಯಲಾಗಲಿಲ್ಲ.

"ನಿನ್ನ ಡಬ್ಬಿಗಿಂತ ವಾಸಿ. ಆಮೇಲೆ ಇನ್ನೊಂದು. ನನ್ನ ಅಂಕಿ ನಿನ್ನ ಫೋನಿಗೆ ಇನ್ಮೇಲೆ ಬರಲ್ಲ. ತೀರ ಕೆಳಗೆ ಬಿದ್ದಾಗ ಒಂದು ಕೂಗು ಮಾತ್ರ ಬರತ್ತೆ, ಅಷ್ಟೇ."

"ಏರಿದ್ರೆ?"

"ಏರಿದ್ರೆ ನನ್ನ ಹಣೆಬರಹ, ನನ್ನ ಸೂಜಿ."

ಅವನು ಗೊಣಗಿದ. ಗೊಣಗುತ್ತಲೇ ಫೋನನ್ನು ಅವಳ ಕೈಗೆ ಕೊಟ್ಟ. ಆ ಸೆಟ್ಟಿಂಗ್ ಬದಲಿಸುವುದು ಅವನಿಗೆ ಬರುತ್ತಿರಲಿಲ್ಲ.

ಟೀಚರಮ್ಮ ಮೊದಲ ಸಲ ಪರೀಕ್ಷೆಯಲ್ಲಿ ನಪಾಸಾದರು, ಇನ್ಸ್‌ಪೆಕ್ಟರನ್ನೇ ಗದರಿಸಿಬಿಟ್ಟಿದ್ದರಂತೆ. ಎರಡನೇ ಸಲ ಬಾಯಿ ಬಿಗಿಹಿಡಿದು ಪಾಸಾದರು. ಈಗ ಮೇಡಮ್ಮಿನ ಪಕ್ಕದಲ್ಲಿ ಮದುವೆ ಗೊತ್ತಾದ ಹುಡುಗಿಯೊಬ್ಬಳು ಕಲಿಯುತ್ತಿದ್ದಾಳೆ. ಮೊದಲ ದಿನವೇ ಅವಳು ಮೇಡಮ್ಮಿನ ಬಿಲ್ಲೆಯನ್ನು ನೋಡಿ, ಮೆಲ್ಲಗೆ ತನ್ನ ಅಂಗಿಯ ಉದ್ದ ತೋಳನ್ನು ಮೇಲಕ್ಕೆ ಮಡಚಿದಳು. ಅಲ್ಲೂ ಅಂಥದ್ದೇ ಒಂದು ಬಿಲ್ಲೆ.

"ಹುಡುಗನ ಮನೆಯವರಿಗೆ ಇನ್ನೂ ಹೇಳಿಲ್ಲ ಮೇಡಂ."

"ಹೇಳು. ಬೇಡ ಅಂದ್ರೆ ಅವರೇ ಕಳ್ಕೊಳ್ಳೋದು" ಎಂದಳು ಬ್ರೇಕ್ ಮೇಡಂ. "ಈಗ ಕನ್ನಡಿ ನೋಡು, ಮೊದಲನೇ ಗೇರ್ ಹಾಕು, ನಡಿ."