ಸೋಕು ಎಂಬ ಮಾತು

ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ನನ್ನ ಹೆಂಡತಿಗೆ ಸರ್ಪಸುತ್ತು ಎದ್ದಿತು. ಬೆನ್ನಿನಿಂದ ಎದೆಯವರೆಗೆ ಪಟ್ಟಿ ಕಟ್ಟಿದ ಹಾಗೆ ಗುಳ್ಳೆಗಳು. ಗುಳ್ಳೆ ಒಣಗಿ ಉದುರಿದವು, ಉರಿ ಉಳಿಯಿತು. ಮೊದಲು ಕೊಟ್ಟ ಮಾತ್ರೆಗಳು ಹಿಡಿಯದೆ ಹೋದಾಗ ಚಿಕ್ಕಮಗಳೂರಿನ ಡಾಕ್ಟರು ಅಫೀಮಿನ ಜಾತಿಗೆ ಸೇರಿದ ಒಂದು ಮಾತ್ರೆ ಬರೆದರು. ಬಲವಾದದ್ದು, ಹೇಳಿದಷ್ಟೇ ಕೊಡಿ ಎಂದರು.

ಉರಿ ಇಳಿಯಿತು, ನಿದ್ದೆಯೂ ಬಂತು. ಎಸ್ಟೇಟಿನಲ್ಲಿ ಆಳುಗಳ ಕೆಲಸದ ಲೆಕ್ಕ ಬರೆಯುವ ರೈಟರ್ ಆಗಿ ಆಯುಷ್ಯ ಕಳೆದ ನನಗೆ ಇನ್ನೊಬ್ಬರ ಕೆಲಸ ಮುಗಿಯಿತೆಂದು ತೀರ್ಮಾನಿಸುವುದು ರೂಢಿ. ನೋವೂ ಮುಗಿಯಿತೆಂದು ತೀರ್ಮಾನಿಸಿದೆ. ಆದರೆ ಅವಳು ರವಿಕೆ ಹಾಕಲು ಒಪ್ಪಲಿಲ್ಲ. ಸೆರಗನ್ನು ಮೈಯಿಂದ ದೂರ ಎತ್ತಿ ಹಿಡಿದುಕೊಂಡೇ ಓಡಾಡುತ್ತಿದ್ದಳು. ಫ್ಯಾನ್ ಹಾಕಿದರೆ ಚೀರುತ್ತಿದ್ದಳು.

“ಉರಿ ಇದ್ಯಾ?” ಎಂದು ಕೇಳಿದೆ.

“ಇಲ್ಲ, ಉರಿ ಹೋಗಿದೆ.”

“ಮತ್ತೆ ಎಂಥದು ಮಾರಾಯ್ತಿ ನಿಂದು?”

“ಗಾಳಿ ಸೋಕಿದ್ರೂ ಜೀವ ಹೋಗ್ತದೆ ಕಣ್ರೀ. ಸೋಕು ತಡಿಯಕ್ಕಾಗಲ್ಲ.”

ನಮ್ಮ ಜೊತೆಗಿದ್ದ ನನ್ನ ಅಕ್ಕ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. “ಗಾಳಿ ಸೋಕು ಅಂತ ಅವಳೇ ಬಾಯಿಬಿಟ್ಟು ಹೇಳ್ತಾ ಇದಾಳಲ್ಲೋ! ಡಾಕ್ಟ್ರಿಗೆ ಎಂಥ ಗೊತ್ತು ಅದು? ನೀನು ಹೈಸ್ಕೂಲು ಓದಿದ್ದೇ ಬಂತು.”

ನಮ್ಮ ಕಡೆ ಗಾಳಿ ಸೋಕು ಎಂದರೆ ದೆವ್ವದ ಕಾಟ. ಅವಳು ಹೇಳಿದ್ದು ಬರೀ ಫ್ಯಾನಿನ ಗಾಳಿ, ಬರೀ ತಾಗುವುದು. ಅದು ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಧ ತಿಳಿದಿತ್ತು. ಅಷ್ಟು ಬಲವಾದ ಮಾತ್ರೆಗೂ ಬಗ್ಗದ ನೋವು ಇರಬಹುದೆಂದು ನಂಬುವುದಕ್ಕಿಂತ ಅಕ್ಕನ ಮಾತು ನಂಬುವುದು ಸುಲಭವಾಯಿತು, ಅಷ್ಟೇ.

ಕಳಸದ ಕಡೆಯಿಂದ ಮಂತ್ರ ಹಾಕುವವರೊಬ್ಬರನ್ನು ಕರೆಸಿದೆ. ಅವರು ಲಕ್ಕಿ ಸೊಪ್ಪಿನ ಕಟ್ಟು ಹಿಡಿದು ಅವಳ ಬೆನ್ನನ್ನು ಮೇಲಿಂದ ಕೆಳಗೆ ಸವರತೊಡಗಿದರು. ಅವಳು ಕಿರುಚಿ ಎದ್ದಳು. “ಬಿಟ್ಟು ಹೋಗದಿಲ್ಲ ಅಂತದೆ. ಗಟ್ಟಿ ಹಿಡ್ಕಳಿ” ಎಂದರು. ನಾನು ಅವಳ ಎರಡೂ ಕೈ ಹಿಡಿದೆ. ಅವಳ ಕೂಗು ಹೆಚ್ಚಿದಷ್ಟೂ ನಮ್ಮ ನಂಬಿಕೆ ಹೆಚ್ಚಿತು. ಸೊಪ್ಪಿನ ಎಲೆಗಳೆಲ್ಲ ಉದುರಿ ಬರೀ ಕಡ್ಡಿ ಉಳಿಯುವವರೆಗೂ ನಾನು ಕೈ ಬಿಡಲಿಲ್ಲ.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಅವರು ಬೆನ್ನಿನ ಗೀರುಗಳನ್ನು ನೋಡಿದರು. “ಇದೇನಿದು?”

“ಕಾಫಿ ಗಿಡ ತರಚಿದ್ದು” ಎಂದೆ. ಅವಳು ತಲೆ ಬಗ್ಗಿಸಿದಳು.

ಡಾಕ್ಟರು ಹತ್ತಿಯ ಎಳೆಯೊಂದನ್ನು ಮೆಲ್ಲಗೆ ತಾಗಿಸಿದರು. ಅವಳು ಹಲ್ಲು ಕಚ್ಚಿ ಮುದುರಿಕೊಂಡಳು. ಆಮೇಲೆ ಅವರು ನನ್ನ ಕಡೆ ತಿರುಗಿ, ನೋವು ತಿಳಿಸುವ ನರಕೋಶಗಳೆಲ್ಲ ಒಂದೇ ಜಾತಿಯಲ್ಲ ಎಂದರು. ಇಂಥ ಮಾತ್ರೆ ಹೋಗಿ ಕೂರುವ ಜಾಗಕ್ಕೆ ರಿಸೆಪ್ಟರ್ ಎನ್ನುತ್ತಾರಂತೆ, ಅದರಲ್ಲೂ ಬಗೆಗಳಿವೆಯಂತೆ. ಬಿಸಿ, ಉರಿ ತಿಳಿಸುವ ಕೋಶಗಳಲ್ಲಿ ಈ ಮಾತ್ರೆಗೆ ಒಗ್ಗುವ ಬಗೆ ಹೆಚ್ಚು, ತಾಗಿದ್ದನ್ನು ತಿಳಿಸುವ ಕೆಲವು ಕೋಶಗಳಲ್ಲಿ ಈ ಮಾತ್ರೆಗೆ ಅಷ್ಟಾಗಿ ಒಗ್ಗದ ಇನ್ನೊಂದು ಬಗೆ. “ಇಲಿಗಳಲ್ಲಿ ಹಾಗೆ ಕಂಡಿದಾರೆ. ನಮ್ಮಲ್ಲೂ ಪೂರ್ತಿ ಹಾಗೇ ಅಂತ ಹೇಳಕ್ಕಾಗಲ್ಲ. ಆದ್ರೆ ಉರಿ ಹೋಗಿ ಸೋಕಿದ್ರೆ ನೋವು ಅಂತಾರಲ್ಲ, ಅದು ನಿಜ. ಇವರು ನಾಟಕ ಆಡ್ತಿಲ್ಲ.” ಬೇರೆ ಮಾತ್ರೆಯೊಂದನ್ನು ಸೇರಿಸಿ ಚೀಟಿ ಕೊಟ್ಟರು.

ಮೆಡಿಕಲ್ ಶಾಪಿನ ಮುಂದೆ ನಿಂತಾಗ ಅವಳು ರಸ್ತೆ ನೋಡುತ್ತಾ ಹೇಳಿದಳು: “ಅವತ್ತು ನೀವು ಕೈ ಹಿಡ್ದಾಗ ಬಿಡಿಸ್ತೀರಿ ಅಂದ್ಕಂಡೆ.”

ಚೀಟಿಯನ್ನು ಅವಳ ಕೈಗೆ ಕೊಟ್ಟು ವಾಪಸು ಹೋಗಿ, ಸೊಪ್ಪಿನ ಸಂಗತಿ, ನಾನು ಹಿಡಿದದ್ದು, ಗಿಡದ ಸುಳ್ಳು ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಅವರು, “ಅವರನ್ನೇ ಕರೀರಿ” ಎಂದರು.

ಅವಳು ಬಂದು ಕೂತಳು. ಸೊಪ್ಪು ತಾಗಿದಾಗ ಹೇಗಿತ್ತು, ಎಷ್ಟು ಹೊತ್ತು ಇತ್ತು ಎಂದು ಡಾಕ್ಟರು ಕೇಳಿದರು. ಅವಳು ರೂಢಿಯಂತೆ ನನ್ನ ಮುಖ ನೋಡಿದಳು. ಆಸ್ಪತ್ರೆಯಿರಲಿ, ಆಫೀಸಿರಲಿ, ಅವಳ ಪರವಾಗಿ ಮಾತಾಡುತ್ತಿದ್ದವನು ನಾನೇ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

ಆಗ ಹೇಳಿದಳು. ಎಲೆ ತಾಗಿದ್ದು ಬ್ಲೇಡಿನಲ್ಲಿ ಗೀರಿದ ಹಾಗೆ. ಮಾರನೇ ದಿನ ಬೆಳಿಗ್ಗೆವರೆಗೂ ಮಲಗಲಾಗದೆ ಕೂತೇ ಇದ್ದದ್ದು. ಬಾಯಿ ಬಿಟ್ಟರೆ ಮತ್ತೆ ದೆವ್ವ ಅಂದಾರೆಂದು ನೀರು ಕೇಳಲೂ ಹೆದರಿದ್ದು. ನನ್ನ ಮೇಲೆ ದೂರು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಡಾಕ್ಟರು ಮತ್ತೆ ಮತ್ತೆ ಕೇಳಿದರು. ನಾನು ಕೊನೆಯವರೆಗೂ ಅಲ್ಲೇ ನಿಂತು ಕೇಳಿಸಿಕೊಂಡೆ.